ಅಂಗಳದಿಂದ ಅಂಗನವಾಡಿಗೆ



ಈ ಬಾರಿ ನಮ್ಮ ಮಾತುಕತೆ ಕಾರ್ಯಕ್ರಮದ ವಿಷಯ ಶಾಲೆಗೆ ಸೇರುವ ಮುಂಚಿನ ಮಗು. ಅಂದರೆ ಹುಟ್ಟಿನಿಂದ ಆರು ವರ್ಷದವರೆಗಿನ ಮಗು. "ಪರೀಕ್ಷೆಗೆ ಓದುವ ನಮಗೆ ಇದರಲ್ಲೇನು ಕೆಲಸ?" ಎಂದು ನೀವು ಪುಟ ತಿರುವಿಬಿಡಬಹುದು. ಸ್ವಲ್ಪ ತಾಳಿ. ನಿಮ್ಮಲ್ಲಿ ಬಹಳಷ್ಟು ಮಂದಿಯ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕಿಂತ ಮೊದಲು ಬೇರೊಂದು ಪುಸ್ತಕದಲ್ಲಿ ಏರಿತ್ತು. ಹುಟ್ಟಿದಾಗ ನಿಮ್ಮ ತೂಕ ಎಷ್ಟು, ಚುಚ್ಚುಮದ್ದು ಯಾವಾಗ ಬಿತ್ತು, ಮೂರನೆಯ ವಯಸ್ಸಿನಲ್ಲಿ ಎಷ್ಟು ದಿನ ಉಪ್ಪಿಟ್ಟು ತಿಂದಿರಿ ಎಂಬುದೆಲ್ಲ ಅದರಲ್ಲಿದೆ. ಅದನ್ನು ಬರೆದವರು ನಿಮ್ಮೂರಿನ ಅಂಗನವಾಡಿಯ ಕಾರ್ಯಕರ್ತೆ. ಆ ಪುಸ್ತಕ ಎಲ್ಲಿಂದ ಬಂತು ಎಂಬುದೇ ಈ ಲೇಖನದ ಕಥೆ. ತೆರೆಯ ಮೇಲೆ ಅರ್ಧ ಗಂಟೆಯಲ್ಲಿ ತಜ್ಞರು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಚಿತ್ರೀಕರಣದ ಒಂದು ಸಂಗತಿಯಿಂದ ತೊಡಗುತ್ತೇನೆ. ಒಂದು ಹಳ್ಳಿಯ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದೃಶ್ಯ ನಮಗೆ ಬೇಕಿತ್ತು. ತೊಲೆಗೆ ಗಡಿಯಾರದಂತಹ ಸ್ಪ್ರಿಂಗ್ ತಕ್ಕಡಿ ತೂಗುಹಾಕಿತ್ತು. ಅದರ ಕೆಳಗೆ ಬಟ್ಟೆಯ ಜೋಳಿಗೆ. ನಾನು ಓದಿದ್ದು ಬಿ.ಎಸ್ಸಿ. ಕ್ಯಾಮೆರಾ ಹಿಂದೆ ನಿಂತು ಇಪ್ಪತ್ತು ವರ್ಷವಾದರೂ ಪ್ರಯೋಗಾಲಯದ ಚಟ ಬಿಟ್ಟಿಲ್ಲ. ಜೋಳಿಗೆ ಬಿಚ್ಚಿಸಿ ಮುಳ್ಳನ್ನು ನೋಡಿದೆ. ಸೊನ್ನೆಯ ಮೇಲೆ ಇರಬೇಕಾದ ಮುಳ್ಳು 400 ಗ್ರಾಂ ತೋರಿಸುತ್ತಿತ್ತು. ಭೌತಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ನೀವು ಶೂನ್ಯ ದೋಷ ಎಂದು ಬರೆಯುತ್ತೀರಲ್ಲ, ಅದೇ. ಕಾರ್ಯಕರ್ತೆಗೆ ತೋರಿಸಿದೆ. "ಗೊತ್ತು ಸಾರ್, ನಾನೂರು ಕಳೆದೇ ಬರೆಯೋದು. ಜೋಳಿಗೆ ಲೆಕ್ಕ ಬೇರೆ. ಬೇರೆ ತಕ್ಕಡಿ ಕೊಡಿ ಅಂತ ಕೇಳಿ ಎರಡು ವರ್ಷ ಆಯ್ತು" ಎಂದರು. ಗೋಡೆಯ ಮೇಲೆ ತಕ್ಕಡಿಯ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ '-400' ಎಂದು ಬರೆದುಕೊಂಡಿದ್ದರು.

ನಾನೂರು ಗ್ರಾಂ ಎಂದರೆ ಏನು ಮಹಾ ಎನ್ನಬೇಡಿ. ಎರಡು ವರ್ಷ ತುಂಬಿದ ಗಂಡು ಮಗುವಿನ ತೂಕ 9.7 ಕಿಲೋ ಗೆರೆಯ ಕೆಳಗಿಳಿದರೆ ಬೆಳವಣಿಗೆ ನಕ್ಷೆಯಲ್ಲಿ ಅದು ಹಸಿರು ಪಟ್ಟಿಯಿಂದ ಹಳದಿಗೆ ಜಾರುತ್ತದೆ, 8.6ಕ್ಕಿಂತ ಕೆಳಗೆ ಹೋದರೆ ಕಿತ್ತಳೆ. ಆ ತಕ್ಕಡಿ 10 ಕಿಲೋ ತೋರಿಸಿದ ಮಗು ನಿಜವಾಗಿ 9.6 ಕಿಲೋ. ಕಳೆಯುವ ಲೆಕ್ಕ ಗೊತ್ತಿಲ್ಲದವರ ಕೈಯಲ್ಲಿ ಆ ಮಗು ಆರೋಗ್ಯವಂತ. ಈ ಹೆಣ್ಣುಮಗಳ ಕೈಯಲ್ಲಿ ಅದಕ್ಕೆ ಹೆಚ್ಚಿನ ಆರೈಕೆ ಬೇಕು. ಯೋಜನೆಯ ಕಡತಗಳನ್ನು ಓದುವಾಗಲೆಲ್ಲ ನನಗೆ ಆ ಪೆನ್ಸಿಲ್ ಬರಹ ನೆನಪಾಗುತ್ತದೆ.

ಈಗ ಹಿಂದಕ್ಕೆ ಹೋಗೋಣ. ಆರು ವರ್ಷದೊಳಗಿನ ಮಗುವಿಗೆ ಮನೆಯ ಹೊರಗೆ ಒಂದು ತಾಣ ಬೇಕು ಎಂಬ ವಿಚಾರ ಬಹಳ ಹಳೆಯದಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಆಟದ ಮೂಲಕ ಕಲಿಸುವ ಕೇಂದ್ರ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ 'ಮಕ್ಕಳ ತೋಟ', ಎಂಬ ಹೆಸರಿಟ್ಟ. ಎಲ್‌ಕೆಜಿ, ಯುಕೆಜಿಗಳಲ್ಲಿರುವ 'ಕೆಜಿ' ಇದೇ. ಆ ತೋಟದಲ್ಲಿ ಇಂದು ನಾವು ಮನೆಗೆಲಸದ ಪುಸ್ತಕ ಬೆಳೆಯುತ್ತಿದ್ದೇವೆ, ಆ ಮಾತು ಬೇರೆ. 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ವೈದ್ಯೆ ಮರಿಯಾ ಮಾಂಟೆಸರಿ ತಮ್ಮ ಮೊದಲ 'ಮಕ್ಕಳ ಮನೆ'ಯನ್ನು ಆರಂಭಿಸಿದರು. ಅದಕ್ಕೆ ಕಾರಣ ಕೇಳಿದರೆ ನಿಮಗೆ ನಗು ಬಂದೀತು. ತಂದೆತಾಯಿ ಕೆಲಸಕ್ಕೆ ಹೋದಾಗ ಮಕ್ಕಳು ಹೊಸದಾಗಿ ರಿಪೇರಿ ಮಾಡಿಸಿದ ಕಟ್ಟಡದ ಗೋಡೆಗಳನ್ನು ಹಾಳುಮಾಡುತ್ತಿದ್ದರು; ಅವರನ್ನು ನೋಡಿಕೊಳ್ಳಲು ಯಾರಾದರೂ ಬೇಕು ಎಂದು ಕಟ್ಟಡದ ಒಡೆತನದವರಿಗೆ ಅನ್ನಿಸಿತ್ತು. ಜಗತ್ತಿನ ಪ್ರಸಿದ್ಧ ಶಿಕ್ಷಣ ಪದ್ಧತಿಯೊಂದು ಹೀಗೆ ಗೋಡೆ ಕಾಯುವ ಕೆಲಸದಿಂದ ಶುರುವಾಯಿತು. ಇಂದು ಶ್ರೀಮಂತರ ಬಡಾವಣೆಗಳಲ್ಲಿ ಆ ಹೆಸರಿನ ಫಲಕ ಕಾಣುವ ನಿಮಗೆ, ಅದು ಹುಟ್ಟಿದ್ದು ಕೂಲಿಕಾರರ ಮಕ್ಕಳ ನಡುವೆ ಎಂಬುದು ತಿಳಿದಿರಲಿ.

ಮಾಂಟೆಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರಕ್ಕೆ ಅವರು ಶತ್ರುದೇಶದ ಪ್ರಜೆಯಾದರು. ಮಗ ಮಾರಿಯೊನನ್ನು ಸೆರೆಯಲ್ಲಿಟ್ಟು, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದ ಹೊತ್ತಿಗೆ ಬಿಟ್ಟರು. ಯುದ್ಧ ಮುಗಿಯುವವರೆಗೂ ಅವರು ಇಲ್ಲೇ ಉಳಿಯಬೇಕಾಯಿತು. ಅಡ್ಯಾರಿನಲ್ಲಿ, ಕೊಡೈಕೆನಾಲಿನಲ್ಲಿ ಪಾಠ ಹೇಳಿದರು. ನೂರಾರು ಭಾರತೀಯ ಶಿಕ್ಷಕಿಯರು ಅವರಿಂದಲೇ ನೇರವಾಗಿ ತರಬೇತಿ ಪಡೆದರು.

ಆದರೆ ಅವರು ಬರುವುದಕ್ಕೆ ಬಹಳ ಮೊದಲೇ ಗುಜರಾತಿನ ಭಾವನಗರದಲ್ಲಿ ಒಬ್ಬ ವಕೀಲರು ಈ ಕೆಲಸಕ್ಕೆ ಕೈಹಾಕಿದ್ದರು. ಅವರು ಗಿಜುಭಾಯಿ ಬಧೇಕಾ. ತಮ್ಮ ಮಗನಿಗೆ ಎಂತಹ ಶಾಲೆ ಬೇಕು ಎಂದು ಹುಡುಕುತ್ತ ಹುಡುಕುತ್ತ ವಕೀಲಿಯನ್ನೇ ಬಿಟ್ಟರು. 1920ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ಬೆತ್ತವೇ ಗುರು ಎನ್ನುತ್ತಿದ್ದ ಕಾಲದಲ್ಲಿ ಅಲ್ಲಿ ಬೆತ್ತವಿರಲಿಲ್ಲ. ಕಥೆ, ಹಾಡು, ನಾಟಕ, ಮಣ್ಣಿನ ಕೆಲಸ ಇದ್ದವು. ಮಕ್ಕಳ ಪಾಲಿಗೆ ಅವರು 'ಮೀಸೆಯ ತಾಯಿ'. ಮಾಂಟೆಸರಿಯವರ ಸಾಮಗ್ರಿ ದುಬಾರಿ ಎಂದು ಕಂಡಾಗ ಊರಿನ ಬಡಗಿಯ ಕೈಯಲ್ಲಿ, ಸುತ್ತ ಸಿಗುವ ವಸ್ತುಗಳಲ್ಲಿ ಮಾಡಿಕೊಂಡರು.

ಅವರ ಜೊತೆ ಸೇರಿದವರು ತಾರಾಬಾಯಿ ಮೋಡಕ್. ರಾಜಕೋಟೆಯಲ್ಲಿ ಮಹಿಳಾ ಶಿಕ್ಷಕಿಯರ ಕಾಲೇಜಿನ ಪ್ರಾಂಶುಪಾಲೆಯಾಗಿದ್ದವರು ಆ ಹುದ್ದೆ ಬಿಟ್ಟು ಭಾವನಗರಕ್ಕೆ ಬಂದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. 1945ರಲ್ಲಿ ತಾರಾಬಾಯಿ ಮುಂಬಯಿಯ ಉತ್ತರಕ್ಕೆ, ಸಮುದ್ರ ತೀರದ ಬೋರ್ಡಿ ಎಂಬ ಊರಿಗೆ ಹೋದರು. ಅನುತಾಯಿ ವಾಘ್ ಅವರ ಕೈಹಿಡಿದರು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಓದಿ, ಶಿಕ್ಷಕಿಯಾದವರು ಅನುತಾಯಿ. ಬಾಲವಾಡಿ ತೆರೆದರು. ಊರೊಳಗಿನ ಮಕ್ಕಳು ಬಂದರು. ಕೇರಿಯ ಮಕ್ಕಳು, ಆದಿವಾಸಿ ಹಾಡಿಯ ಮಕ್ಕಳು ಬರಲಿಲ್ಲ. ಕರೆದರೂ ಬರಲಿಲ್ಲ. ಬಟ್ಟೆಯಿಲ್ಲ, ಮನೆಯಲ್ಲಿ ಕೈಗೂಸು ನೋಡಿಕೊಳ್ಳಬೇಕು, ಮೇಕೆ ಕಾಯಬೇಕು, ಜೊತೆಗೆ ಊರಿನವರ ಭಯ.

ಆಗ ತಾರಾಬಾಯಿ ಮಾಡಿದ್ದನ್ನು ಗಮನಿಸಿ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಲಿ ಎಂದು ಚೀಲ ಹೊತ್ತು ನಡೆದರು. ಅಂಗಳ ಗುಡಿಸಿ, ಮಕ್ಕಳ ಮುಖ ತೊಳೆಸಿ, ತಲೆ ಬಾಚಿ, ಹಾಡು ಹೇಳಿಕೊಟ್ಟರು. ಕೈಗೂಸು ಹೊತ್ತ ಅಕ್ಕನಿಗೂ ಅಲ್ಲಿ ಜಾಗವಿತ್ತು. ಎಣಿಸಲು ಬೀಜ, ಕಡ್ಡಿ, ಕಪ್ಪೆಚಿಪ್ಪು. ಮುಂದೆ ಕೆಲಸ ಹತ್ತಿರದ ಕೋಸಬಾಡ ಗುಡ್ಡಕ್ಕೆ, ವಾರ್ಲಿ ಜನರ ನಡುವೆ ಸಾಗಿತು. 'ಅಂಗನ್' ಎಂದರೆ ಅಂಗಳ. 'ಅಂಗನವಾಡಿ' ಎಂಬ ಮಾತಿನ ಹಿಂದೆ ಇರುವುದು ಆ ಗುಡಿಸಿದ ಅಂಗಳ. ಕೆಲವರು 'ಅಂಗನೆ' ಎಂಬ ಪದದಿಂದ ಬಂದದ್ದು ಎಂದು ಭಾವಿಸುತ್ತಾರೆ, ಹಾಗಲ್ಲ.

ನಮ್ಮ ಕಡೆಯೂ ಈ ಗಾಳಿ ಬೀಸಿತ್ತು. 'ಸರಸ್ವತಿ' ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದರು. ಚಾಮರಾಜಪೇಟೆಯ ಬಳಿ 'ಮಕ್ಕಳ ಕೂಟ' ಎಂದರೆ ಇಂದಿಗೂ ಬಸ್ ಕಂಡಕ್ಟರಿಗೆ ಗೊತ್ತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯ ಬಗ್ಗೆ ತಮ್ಮದೇ ಪ್ರಯೋಗಗಳನ್ನು ನಡೆಸಿದರು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಪುಟ್ಟ ಮಕ್ಕಳ ನಾಲಿಗೆಗೆ ಹೊಂದುವ ಹಾಡುಗಳನ್ನು ಕೊಟ್ಟರು. ಪಟ್ಟಣಗಳಲ್ಲಿ ಮಹಿಳಾ ಸಮಾಜಗಳು ಶಿಶುವಿಹಾರ ತೆರೆದವು. ಇವೆಲ್ಲ ಒಳ್ಳೆಯ ಮನಸ್ಸಿನವರ ಕೆಲಸ, ಸರ್ಕಾರದ ಕೆಲಸವಲ್ಲ. ಒಳ್ಳೆಯ ಮನಸ್ಸಿನವರು ಇಲ್ಲದ ಊರಿನಲ್ಲಿ ಏನೂ ಇರಲಿಲ್ಲ.

ಸರ್ಕಾರದ ಕಡತಕ್ಕೆ ಈ ಮಗು ಬಂದದ್ದು ತಡವಾಗಿ. 1944ರ ಸಾರ್ಜೆಂಟ್ ವರದಿ ಶಾಲಾಪೂರ್ವ ಶಿಕ್ಷಣವನ್ನು ಉಚಿತವಾಗಿ ಕೊಡಬೇಕು, 10 ಲಕ್ಷ ಮಕ್ಕಳಿಗೆ ಸ್ಥಳ ಒದಗಿಸಬೇಕು ಎಂದಿತು. 1950ರ ಸಂವಿಧಾನದ 45ನೆಯ ವಿಧಿ, ಹತ್ತು ವರ್ಷದೊಳಗೆ ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ರಾಜ್ಯ ಪ್ರಯತ್ನಿಸಬೇಕು ಎಂದಿತು. ಇಲ್ಲೊಂದು ಸೂಕ್ಷ್ಮವಿದೆ: ಎಲ್ಲಿಯವರೆಗೆ ಎಂದು ಹೇಳಿತ್ತು, ಎಷ್ಟನೆಯ ವಯಸ್ಸಿನಿಂದ ಎಂದು ಹೇಳಿರಲಿಲ್ಲ. ಈ ಸಣ್ಣ ಮಾತಿಗೆ ಮುಂದೆ ಮರಳುತ್ತೇನೆ. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾಗಿ ಸ್ವಯಂಸೇವಾ ಸಂಸ್ಥೆಗಳ ಬಾಲವಾಡಿಗಳಿಗೆ ನೆರವು ಸಿಗತೊಡಗಿತು.

ಅದೇ ಕಾಲದಲ್ಲಿ ಬೇರೊಂದು ದಾರಿಯಿಂದ ವಿಜ್ಞಾನಿಗಳು ಈ ಮಗುವಿನ ಬಳಿಗೆ ಬರುತ್ತಿದ್ದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಆರಂಭವಾಯಿತು. ಅಲ್ಲಿಯವರು ಮುಕ್ಕಾಲು ಪಾಲು ಕಡಲೆಕಾಯಿ ಹಿಂಡಿಯ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು ಬೆರೆಸಿ 'ಬಹೂಪಯೋಗಿ ಆಹಾರ' ತಯಾರಿಸಿದರು. ಬಿಹಾರದ ಕ್ಷಾಮದ ಹೊತ್ತಿಗೆ 'ಬಾಲಾಹಾರ' ರೂಪಿಸಿದರು. ಹೊರದೇಶದಿಂದ ಗೋಧಿ ನುಚ್ಚು, ಹಾಲಿನ ಪುಡಿ ಬರುತ್ತಿತ್ತು. ಶಾಲೆಯಲ್ಲಿ ತಿಂದ 'ಕೇರ್' ಉಪ್ಪಿಟ್ಟಿನ ರುಚಿ ಹೇಗಿತ್ತು ಎಂದು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಅರ್ಧ ದಿನ ಅದೇ ಮಾತಾದೀತು.

ಆಗ ಜಗತ್ತಿನ ತಜ್ಞರಿಗೆ ಒಂದೇ ಚಿಂತೆ: ಬಡ ದೇಶದ ಮಕ್ಕಳಿಗೆ ಪ್ರೋಟೀನು ಸಾಲದು. ಎಣ್ಣೆ ತೆಗೆದ ಹಿಂಡಿಯಿಂದ, ಮೀನಿನ ಪುಡಿಯಿಂದ ಪ್ರೋಟೀನು ತೆಗೆಯುವ ಪ್ರಯೋಗಗಳು ಎಲ್ಲೆಡೆ. ಇದಕ್ಕೆ ತಕರಾರು ಎತ್ತಿದವರಲ್ಲಿ ಇಬ್ಬರು ಭಾರತೀಯರು ಮುಖ್ಯರು: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್, ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ. ಅವರ ವಾದ ಸರಳವಾದದ್ದು. ನಮ್ಮ ಮಗು ತಿನ್ನುವ ಅನ್ನ, ರಾಗಿ, ಬೇಳೆಯಲ್ಲಿ ಪ್ರೋಟೀನು ಇದ್ದೇ ಇದೆ. ಹೊಟ್ಟೆ ತುಂಬುವಷ್ಟು ಸಿಗುತ್ತಿಲ್ಲ, ಅಷ್ಟೆ. ಒಟ್ಟು ಆಹಾರ, ಅಂದರೆ ಕ್ಯಾಲೊರಿ ಸಾಲದಾದಾಗ ದೇಹವು ತಿಂದ ಪ್ರೋಟೀನನ್ನೂ ಉರುವಲಿನಂತೆ ಉರಿಸಿಬಿಡುತ್ತದೆ. ಮನೆ ಕಟ್ಟಲು ತಂದ ತೊಲೆಯನ್ನು ಒಲೆಗೆ ಹಾಕಿದಂತೆ. ಆದ್ದರಿಂದ ಡಬ್ಬಿಯ ವಿಶೇಷ ಪುಡಿಗಿಂತ ಮೊದಲು ಬೇಕಾದದ್ದು ದಿನಕ್ಕೊಂದು ಹೆಚ್ಚಿನ ತುತ್ತು. ಜೀವರಸಾಯನಶಾಸ್ತ್ರ ಓದುವವರು ಈ ವಿವಾದವನ್ನು ಹುಡುಕಿ ಓದಿರಿ. ವಿಜ್ಞಾನದಲ್ಲಿ ಬಹುಮತವೇ ಸತ್ಯವಲ್ಲ ಎಂಬುದಕ್ಕೆ ಒಳ್ಳೆಯ ಉದಾಹರಣೆ.

1974ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಕ್ಕಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಮರುವರ್ಷ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕಾವೇರಿ ಕಪಿಲೆಯರು ಕೂಡುವ ಊರು. ತಲಕಾಡು, ಸೋಮನಾಥಪುರಗಳಿರುವ ತಾಲ್ಲೂಕು. ಅಲ್ಲಿ 100 ಅಂಗನವಾಡಿಗಳು ತೆರೆದವು. ಇತಿಹಾಸದ ವಿದ್ಯಾರ್ಥಿಗಳು ಅಲ್ಲಿಗೆ ಹೊಯ್ಸಳರ ಗುಡಿ ನೋಡಲು ಬಸ್ಸಿನಲ್ಲಿ ಹೋಗುತ್ತಾರೆ. ಈ ನೂರು ಕೇಂದ್ರಗಳೂ ಇತಿಹಾಸವೇ. ದೇವಸ್ಥಾನದ ಜಗಲಿ, ಪಂಚಾಯಿತಿ ಕೊಠಡಿ, ಯಾರದೋ ಮನೆಯ ಪಡಸಾಲೆಯಂತಹ ಜಾಗಗಳಲ್ಲಿ ನಡೆಯುತ್ತಿದ್ದ ಅಂಗನವಾಡಿಗಳಿಗೆ ಸ್ವಂತ ಕಟ್ಟಡ ಬಂದದ್ದು ನಂತರದ ಮಾತು.

ಯೋಜನೆಯ ಕಲ್ಪನೆಯಲ್ಲಿ ಹೊಸತಾಗಿದ್ದದ್ದು 'ಸಮಗ್ರ' ಎಂಬ ಮಾತು. ಅಲ್ಲಿಯವರೆಗೆ ಚುಚ್ಚುಮದ್ದಿಗೆ ಆರೋಗ್ಯ ಇಲಾಖೆ, ಹಾಲಿಗೆ ಇನ್ನೊಂದು ಇಲಾಖೆ, ಹಾಡಿಗೆ ಮಹಿಳಾ ಸಮಾಜ. ಹಸಿದ ಮಗು ಹಾಡು ಕಲಿಯದು, ಭೇದಿ ನಿಲ್ಲದ ಮಗುವಿಗೆ ಎಷ್ಟು ತಿನ್ನಿಸಿದರೂ ಮೈಗೆ ಹತ್ತದು, ತಾಯಿ ರಕ್ತಹೀನೆಯಾದರೆ ಮಗು ಹುಟ್ಟುವಾಗಲೇ ಸೋತಿರುತ್ತದೆ. ಆದ್ದರಿಂದ ಆರು ಸೇವೆಗಳನ್ನು ಒಂದೇ ಸೂರಿನಡಿ ತಂದರು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ವರ್ಷದಲ್ಲಿ 300 ದಿನ ಮಗುವಿಗೆ 300 ಕ್ಯಾಲೊರಿ, 8ರಿಂದ 10 ಗ್ರಾಂ ಪ್ರೋಟೀನು. ಗರ್ಭಿಣಿ ಬಾಣಂತಿಯರಿಗೆ 500 ಕ್ಯಾಲೊರಿ. 2009ರಲ್ಲಿ ಮಗುವಿನ ಪಾಲನ್ನು 500 ಕ್ಯಾಲೊರಿಗೆ ಏರಿಸಲಾಯಿತು. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಈ ಆರೂ ಸೇವೆಗಳು ಆ ಇಬ್ಬರ ಹೆಗಲ ಮೇಲೆ.

ಅವರಿಗೆ ಕೊಟ್ಟದ್ದೇನು? ಸಂಬಳವಲ್ಲ, 'ಗೌರವಧನ'. 1975ರಲ್ಲಿ ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ಕೇಂದ್ರದಿಂದ ತಿಂಗಳಿಗೆ 150 ರೂಪಾಯಿ, ಪಾಸಾಗದವರಿಗೆ 100, ಸಹಾಯಕಿಗೆ 35. ಊರಿನ ಹೆಣ್ಣುಮಗಳು ದಿನಕ್ಕೆ ಕೆಲವು ಗಂಟೆ ಸಮಾಜಸೇವೆ ಮಾಡುತ್ತಾಳೆ ಎಂಬ ಭಾವನೆ. 1992ರಲ್ಲಿ ಮೆಟ್ರಿಕ್ ಆದವರಿಗೆ ಅದು 400 ಆಯಿತು, 2002ರಲ್ಲಿ 1,000, 2011ರಲ್ಲಿ 3,000, 2018ರ ಅಕ್ಟೋಬರ್‌ನಿಂದ 4,500. ಇದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಮೊತ್ತ ಏರಿತು, 'ಗೌರವಧನ' ಎಂಬ ಪದ ಮಾತ್ರ ಬದಲಾಗಲಿಲ್ಲ. ಕೆಲಸದ ಪಟ್ಟಿಯೋ, ಬೆಳೆಯುತ್ತಲೇ ಹೋಯಿತು. ಸಮೀಕ್ಷೆ ಬಂದರೆ ಅವರು, ಚುನಾವಣೆ ಬಂದರೆ ಅವರು, ಕೋವಿಡ್ ಬಂದಾಗ ಮನೆಮನೆಗೆ ಹೋದವರಲ್ಲೂ ಅವರು.

2006ರ ಡಿಸೆಂಬರ್ ತಿಂಗಳನ್ನು ಇಲ್ಲಿ ನೆನಪಿಡಬೇಕು. ಒಂದೇ ವಾರದೊಳಗೆ ಸುಪ್ರೀಂ ಕೋರ್ಟ್ ಎರಡು ನಿರ್ಣಯ ಕೊಟ್ಟಿತು. ಡಿಸೆಂಬರ್ 7ರ ನಿರ್ಣಯ ನಮ್ಮ ರಾಜ್ಯದಿಂದಲೇ ಹೋಗಿದ್ದ ಮೊಕದ್ದಮೆಯದು. ಅಂಗನವಾಡಿ ಕಾರ್ಯಕರ್ತೆಯ ಹುದ್ದೆ ಯಾವ ಶಾಸನದಿಂದಲೂ ಹುಟ್ಟಿದ್ದಲ್ಲ, ಅದು ಯೋಜನೆಯೊಂದರ ಭಾಗ, ಅವರು ಚುನಾವಣೆಗೂ ನಿಲ್ಲಬಹುದು, ಆದ್ದರಿಂದ ಅವರು ಸರ್ಕಾರಿ ಹುದ್ದೆ ಹೊಂದಿದವರಲ್ಲ ಎಂದಿತು. ಡಿಸೆಂಬರ್ 13ರದು 2001ರಲ್ಲಿ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ: 2008ರ ಡಿಸೆಂಬರ್ ಹೊತ್ತಿಗೆ ದೇಶದಲ್ಲಿ 14 ಲಕ್ಷ ಅಂಗನವಾಡಿಗಳು ಇರಬೇಕು; ಅಂಗನವಾಡಿಯಿಲ್ಲದ ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಜನ ಬೇಡಿಕೆ ಸಲ್ಲಿಸಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಕೇಂದ್ರವನ್ನು ಜನ ಹಕ್ಕಿನಿಂದ ಕೇಳಬಹುದು. ಕೇಂದ್ರದ ಬಾಗಿಲು ತೆರೆಯುವವಳಿಗೆ ಹುದ್ದೆಯ ಹಕ್ಕಿಲ್ಲ. ಕಾನೂನಿನ ದೃಷ್ಟಿಯಿಂದ ಎರಡಕ್ಕೂ ಅದರದರ ಕಾರಣಗಳಿರಬಹುದು. ನನಗೆ ಮಾತ್ರ ಅದು ಹೊಂದಿಕೆಯಾಗುವುದಿಲ್ಲ.

2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಹಗಲು ರಾತ್ರಿ ಕುಳಿತದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ರಸ್ತೆಯಲ್ಲೇ ಮಲಗಿದರು. ಸಂಚಾರ ತಡೆಯಾಯಿತು ಎಂದು ನಗರ ಬೇಸರಪಟ್ಟಿತು. 2022ರ ಏಪ್ರಿಲ್ 25ರಂದು, ಗುಜರಾತಿನಿಂದ ಬಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅವರು ಗ್ರಾಚ್ಯುಟಿಗೆ ಅರ್ಹರು ಎಂದಿತು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿ ಶಾಸನಬದ್ಧ ಕರ್ತವ್ಯವನ್ನೇ ನಿರ್ವಹಿಸುತ್ತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು.

ಇನ್ನು 45ನೆಯ ವಿಧಿಗೆ ಮರಳೋಣ. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು ಎಂದು ಸಾರಿತು. ಕೆಳಗಿನ ವಯೋಮಿತಿ ಇಲ್ಲದ ಕಾರಣ ಮೂರು ವರ್ಷದ ಮಗುವೂ ಆ ಮಾತಿನೊಳಗೆ ಬರುತ್ತಿತ್ತು. ಆದರೆ 2002ರ 86ನೆಯ ತಿದ್ದುಪಡಿ ಮೂಲಭೂತ ಹಕ್ಕನ್ನು 6ರಿಂದ 14 ವರ್ಷದವರಿಗೆ ಸೀಮಿತಗೊಳಿಸಿತು. ಆರರೊಳಗಿನವರಿಗೆ ಆರೈಕೆ, ಶಿಕ್ಷಣ ಕೊಡಲು ರಾಜ್ಯ ಪ್ರಯತ್ನಿಸಬೇಕು ಎಂದು ಹೊಸ 45ನೆಯ ವಿಧಿ ಹೇಳಿತು. 'ಹಕ್ಕು' ಬೇರೆ, 'ಪ್ರಯತ್ನ' ಬೇರೆ. ನಾಗರಿಕಶಾಸ್ತ್ರ ಓದಿದ ನಿಮಗೆ ಬಿಡಿಸಿ ಹೇಳಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಕಲಮು ಕೂಡ ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು ಸರ್ಕಾರ 'ಮಾಡಬಹುದು' ಎಂದಿತೇ ಹೊರತು 'ಮಾಡತಕ್ಕದ್ದು' ಎನ್ನಲಿಲ್ಲ.

ಈ ಬಿರುಕಿನಲ್ಲಿ ಬೆಳೆದದ್ದು ಕಾನ್ವೆಂಟು. ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಪಟ್ಟಿಯಲ್ಲೂ ಕೊನೆಯದು, ದಿನಚರಿಯಲ್ಲೂ ಕೊನೆಯದಾಯಿತು. ದಾಖಲೆ ಪುಸ್ತಕ ತುಂಬಿ, ಆಹಾರ ಹಂಚಿ ಮುಗಿಯುವ ಹೊತ್ತಿಗೆ ಹಾಡಿಗೆ ಎಷ್ಟು ಸಮಯ ಉಳಿದೀತು? ಅಂಗನವಾಡಿಯೆಂದರೆ ಉಪ್ಪಿಟ್ಟು ತಿನ್ನುವ ಜಾಗ, ಟೈ ಕಟ್ಟಿಕೊಂಡು ಹೋಗುವುದು ಶಾಲೆ ಎಂದು ಹಳ್ಳಿಯ ತಂದೆತಾಯಿ ತೀರ್ಮಾನಿಸಿ ಸಾಲ ಮಾಡಿ ಎಲ್‌ಕೆಜಿಗೆ ಸೇರಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಎಂದು ಹೇಳಿದ ಮೇಲೆ, ಮೂರು ವರ್ಷದ ಮಗು ಯಾವ ಇಲಾಖೆಯದು ಎಂಬ ಪ್ರಶ್ನೆ ಎದ್ದಿತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನ ಹೊರಬಿದ್ದಾಗ ಕಾರ್ಯಕರ್ತೆಯರು ಮತ್ತೆ ಬೀದಿಗಿಳಿದರು. ಮಕ್ಕಳು ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು? ಅದೇ ವರ್ಷ ಅಂಗನವಾಡಿಗಳಲ್ಲೇ ಆ ತರಗತಿಗಳನ್ನು ಆರಂಭಿಸಿ 'ಸರ್ಕಾರಿ ಮಾಂಟೆಸರಿ' ಎಂಬ ಹೆಸರು ಕೊಡಲಾಯಿತು. ರೋಮಿನ ಕೂಲಿಕಾರರ ಬಡಾವಣೆಯಿಂದ ಹೊರಟ ಹೆಸರು ಸುತ್ತು ಹಾಕಿ ಬಡವರ ಮಕ್ಕಳ ಬಾಗಿಲಿಗೇ ಬಂತು. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ರಾಜ್ಯದ 2022ರ ಆದೇಶವನ್ನು 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದನ್ನು ನಿಮ್ಮ ತಮ್ಮ ತಂಗಿಯರಿರುವ ಮನೆಗಳಲ್ಲಿ ಗಮನಿಸಿಯೇ ಇರುತ್ತೀರಿ.

ತೂಕದ ವಿಷಯದಲ್ಲಿ ಒಂದು ಮಾತು ಬಾಕಿಯಿದೆ. ಮೊದಲು ನಮ್ಮ ಮಕ್ಕಳನ್ನು ಅಮೆರಿಕದ ಮಕ್ಕಳ ಅಳತೆಗಳಿಂದ ಮಾಡಿದ ಹಾರ್ವರ್ಡ್ ಪಟ್ಟಿಗೆ ಹೋಲಿಸಿ ಅಳೆಯುತ್ತಿದ್ದರು. ನಮ್ಮ ಮಕ್ಕಳು ಹುಟ್ಟಿನಿಂದಲೇ ಸಣ್ಣ ಜಾತಿ, ಹೋಲಿಕೆ ತಪ್ಪು ಎನ್ನುವವರೂ ಇದ್ದರು. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ಒಳ್ಳೆಯ ಪೋಷಣೆ ಸಿಕ್ಕ ಮಕ್ಕಳನ್ನು ಅಳೆಯಿತು. ದೆಹಲಿಯ ಮಗುವೂ ಓಸ್ಲೋದ ಮಗುವೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತವೆ ಎಂದು ಕಂಡುಬಂತು. ಜಾತಿ ಸಣ್ಣದಲ್ಲ, ತಟ್ಟೆ ಸಣ್ಣದು. ಆ ಮಾನದಂಡ 2006ರಲ್ಲಿ ಪ್ರಕಟವಾಗಿ, 2008ರಲ್ಲಿ ನಮ್ಮ ಅಂಗನವಾಡಿಗಳಿಗೆ ಬಂತು. ಮೇಲೆ ಹೇಳಿದ 9.7 ಕಿಲೋ ಗೆರೆ ಅದರದ್ದೇ.

ಇಷ್ಟೆಲ್ಲ ಇದ್ದೂ ಈ ಯೋಜನೆ ಕೈಗೆತ್ತಿಕೊಳ್ಳದೆ ಬಿಟ್ಟ ಒಂದು ಕೆಲಸವೆಂದರೆ ದುಡಿಯುವ ತಾಯಿಯ ಮಗುವನ್ನು ದಿನವಿಡೀ ನೋಡಿಕೊಳ್ಳುವುದು. ಕಾರ್ಖಾನೆ, ತೋಟಗಳಿಗೆ ಕಾನೂನು ಮೊದಲೇ ಬಂದಿತ್ತು: 1948ರ ಕಾರ್ಖಾನೆ ಕಾಯ್ದೆ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದಿತು, 1951ರ ತೋಟ ಕಾರ್ಮಿಕರ ಕಾಯ್ದೆಯೂ ಹಾಗೆಂದಿತು, 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಗದ್ದೆಯಲ್ಲಿ ನಾಟಿ ಹಾಕುವವಳಿಗೆ ಇದಾವುದೂ ತಗಲುವುದಿಲ್ಲ. ನಮ್ಮ ರಾಜ್ಯ 2023ರ ಮುಂಗಡಪತ್ರದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತು. ಮಾಂಟೆಸರಿಯ 'ಮಕ್ಕಳ ಮನೆ' ಎಂಬ ಹೆಸರಿಗೆ ಇದು ಎಷ್ಟು ಹತ್ತಿರ! ಹೆಸರಿಟ್ಟವರಿಗೆ ಅದು ಗೊತ್ತಿತ್ತೋ ಇಲ್ಲವೋ.

ನಮ್ಮ ಚಿತ್ರೀಕರಣ ಮುಗಿದಾಗ ಸಂಜೆ ನಾಲ್ಕು ದಾಟಿತ್ತು. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ನಾವು ಲೈಟು, ತಂತಿ ಸುತ್ತಿ ವ್ಯಾನಿಗೆ ತುಂಬುತ್ತಿದ್ದೆವು. ಸಹಾಯಕಿ ಬೀಗ ಹಿಡಿದು ಮೆಟ್ಟಿಲ ಮೇಲೆ ಕೂತೇ ಇದ್ದರು, ಮಡಿಲಲ್ಲಿ ನಿದ್ದೆಹೋದ ಒಂದು ಹುಡುಗಿ. "ಅವ್ರಮ್ಮ ಗದ್ದೆಯಿಂದ ಬರೋದು ಆರಾಗುತ್ತೆ. ದಿನಾ ಇದೇ" ಎಂದರು. ಕಾರ್ಯಕರ್ತೆ ಒಳಗೆ ಮೊಬೈಲ್ ಹಿಡಿದು ಅಂದಿನ ತೂಕಗಳನ್ನು ಒಂದೊಂದಾಗಿ ಒತ್ತುತ್ತಿದ್ದರು, ನಾನೂರು ಕಳೆದು. ನಮ್ಮ ಛಾಯಾಗ್ರಾಹಕ ಆ ಮೆಟ್ಟಿಲ ದೃಶ್ಯ ತೆಗೆಯಲು ಕ್ಯಾಮೆರಾ ಮತ್ತೆ ಹೊರತೆಗೆದ. ಆದರೆ ಮೋಡ ಕವಿದು ಬೆಳಕು ಸಾಲಲಿಲ್ಲ. ಕಾರ್ಯಕ್ರಮದಲ್ಲಿ ನೀವು ಅದನ್ನು ಕಾಣುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.